ತಕ್ಕಡಿಗೆ ಮುದ್ರೆ ಬೀಳುವವರೆಗಿನ 38 ದಿನಗಳು

ನಿನ್ನೆ ಸಂಜೆ, ಅಂಗಡಿಯ ತಕ್ಕಡಿಗಳು ಸರಿಯಾಗಿವೆ ಎಂದು ಪರೀಕ್ಷಿಸಿ ಸರ್ಕಾರ ಕೊಡುವ ಸತ್ಯಾಪನೆ ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಗೆ ತೂಗುಹಾಕಿದೆ. ಮೊದಲ ಸಲ ತೂಕ–ಅಳತೆ ಕಚೇರಿಯ ಮೆಟ್ಟಿಲು ಹತ್ತಿದ ದಿನದಿಂದ ಲೆಕ್ಕ ಹಾಕಿದರೆ ಸರಿಯಾಗಿ 38 ದಿನ. ಒಂದೂವರೆ ವಾರದಲ್ಲಿ ಮುಗಿಯಬಹುದಾಗಿದ್ದ ಕೆಲಸ ಇಷ್ಟು ಎಳೆದದ್ದಕ್ಕೆ ಮುಖ್ಯ ಕಾರಣ, ಯಾವುದನ್ನು ಯಾರ ಬಳಿ ಕೇಳಬೇಕೆಂದು ಗೊತ್ತಿಲ್ಲದಿದ್ದದ್ದು. ಹಿರಿಯರಿಂದ ಅಂಗಡಿಯನ್ನು ಹೊಸದಾಗಿ ವಹಿಸಿಕೊಂಡವರಿಗೆ ಎರಡು ಮೂರು ಓಡಾಟವಾದರೂ ಉಳಿಯಲಿ ಎಂದು ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನಮ್ಮದು ಮಲೆನಾಡಿನ ಹೋಬಳಿ ಕೇಂದ್ರವೊಂದರ ಅಂಗಡಿ. ಮುಂದೆ ದಿನಸಿ, ಹಿಂದಿನ ಗೋದಾಮಿನಲ್ಲಿ ಕಾಳುಮೆಣಸಿನ ಖರೀದಿ. ನಲವತ್ತು ವರ್ಷ ಅಂಗಡಿ ನಡೆಸಿದ ಮಾವನವರಿಗೆ ಕಳೆದ ದೀಪಾವಳಿಯ ಹೊತ್ತಿಗೆ ಮಂಡಿಯ ಶಸ್ತ್ರಚಿಕಿತ್ಸೆಯಾಯಿತು. ಅಲ್ಲಿಂದ ಗಲ್ಲಾ ನನ್ನ ಕೈಗೆ ಬಂತು. ತೆರಿಗೆ, ಸಾಲದ ಪುಸ್ತಕ, ಸಗಟು ವ್ಯಾಪಾರಿಗಳ ಬಾಕಿ ಎಲ್ಲವನ್ನೂ ಹೇಳಿಕೊಟ್ಟ ಮಾವನವರಿಗೆ ತಕ್ಕಡಿಯ ಮುದ್ರೆಯ ಮಾತು ಆ ನೋವಿನಲ್ಲಿ ಮರೆತೇಹೋಗಿತ್ತು.

ಜನವರಿ ಕೊನೆಯಲ್ಲಿ ಮೆಣಸಿನ ಕೊಯ್ಲು ಶುರುವಾಯಿತು. ಫೆಬ್ರವರಿ ಮೊದಲ ವಾರ ಹಿರಿಯ ಬೆಳೆಗಾರರೊಬ್ಬರು ಮೂರು ಚೀಲ ತಂದರು. ಒಂದು ಚೀಲ 39 ಕಿಲೋ 750 ಗ್ರಾಂ ತೂಗಿತು. ‘ಮನೆಯಲ್ಲಿ ತೂಗಿದಾಗ 40 ಇತ್ತಲ್ಲಮ್ಮ’ ಎಂದರು. ‘ದಾರಿಯಲ್ಲಿ ಸ್ವಲ್ಪ ಆರಿರಬೇಕು ಗೌಡರೇ’ ಎಂದೆ. ಮೆಣಸು ಆರುವುದು ಸುಳ್ಳಲ್ಲ. ಅವರು ಮರುಮಾತಾಡದೆ ಹಣ ಎಣಿಸಿಕೊಂಡು ಹೋದರು. ವಾರದ ನಂತರ ಇನ್ನೊಬ್ಬ ಹೆಂಗಸು ಅದೇ ಮಾತು ಹೇಳಿದಾಗ ನನ್ನ ಎದೆ ಧಸಕ್ಕೆಂದಿತು. ಇಬ್ಬರ ಮನೆಯಲ್ಲೂ ಮೆಣಸು ಒಂದೇ ಲೆಕ್ಕದಲ್ಲಿ ಆರುವುದು ಹೇಗೆ?

ಆ ರಾತ್ರಿ ಬಾಗಿಲು ಹಾಕಿದ ಮೇಲೆ ಮೊಬೈಲ್ ದೀಪ ಹಿಡಿದು ಗೋದಾಮಿನ 200 ಕಿಲೋದ ತೂಕದ ಯಂತ್ರದ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತೆ. ಬದಿಯಲ್ಲಿ ಸಣ್ಣ ತಂತಿ, ಅದರ ತುದಿಯಲ್ಲಿ ಹುಣಸೆಬೀಜದಷ್ಟು ಸೀಸದ ಉಂಡೆ. ಒರೆಸಿ ನೋಡಿದರೆ ಒಂದು ಮಗ್ಗುಲಲ್ಲಿ ವರ್ಷದ ಕೊನೆಯ ಎರಡು ಅಂಕಿ, ಜೊತೆಗೆ ‘ಡಿ’ ಎಂಬ ಇಂಗ್ಲಿಷ್ ಅಕ್ಷರ. ಅದರ ಅರ್ಥ ಮಾವನವರು ಮಲಗಿದಲ್ಲಿಂದಲೇ ಹೇಳಿದರು. ವರ್ಷವನ್ನು ಮೂರು ಮೂರು ತಿಂಗಳಾಗಿ ನಾಲ್ಕು ಪಾಲು ಮಾಡಿ ಎ, ಬಿ, ಸಿ, ಡಿ ಎಂದು ಗುರುತು ಒತ್ತುತ್ತಾರೆ. ಡಿ ಎಂದರೆ ಅಕ್ಟೋಬರ್‌ನಿಂದ ಡಿಸೆಂಬರ್. ಕಪಾಟಿನಲ್ಲಿ ಸಿಕ್ಕ ಪ್ರಮಾಣಪತ್ರದಲ್ಲಿ ಈ ಯಂತ್ರಕ್ಕೂ ಮುಂದಿನ ದಿನಸಿ ತಕ್ಕಡಿಗೂ ಮತ್ತೆ ಸತ್ಯಾಪನೆಯಾಗಬೇಕಾದ ದಿನಾಂಕವೇ ಇತ್ತು: ನವೆಂಬರ್. ಅದು ಕಳೆದು ಮೂರು ತಿಂಗಳಾಗುತ್ತ ಬಂದಿತ್ತು. ನಿಮ್ಮ ಅಂಗಡಿಯಲ್ಲಿ ಇದನ್ನು ಇಂದೇ ನೋಡಿಕೊಳ್ಳಿ, ಎರಡು ನಿಮಿಷದ ಕೆಲಸ. ಎಲೆಕ್ಟ್ರಾನಿಕ್ ತಕ್ಕಡಿಗೆ ಮುದ್ರೆಯ ಆಯಸ್ಸು 12 ತಿಂಗಳು. ಕೈತಕ್ಕಡಿಗೂ ತೂಗಲು ಇಡುವ ಕಬ್ಬಿಣದ ಬಟ್ಟುಗಳಿಗೂ 24 ತಿಂಗಳು. ಈ ವ್ಯತ್ಯಾಸವೇ ಮುಂದೆ ನನ್ನ ವ್ಯಾಪಾರವನ್ನು ಅಷ್ಟಿಷ್ಟು ಉಳಿಸಿತು.

ಮರುದಿನ 30 ಕಿಲೋದ ದಿನಸಿ ತಕ್ಕಡಿಯನ್ನು ಹಳೆಯ ಕಂಬಳಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ ಹತ್ತಿದೆ. ಕಾನೂನು ಮಾಪನಶಾಸ್ತ್ರ ಇಲಾಖೆಯ ಕಚೇರಿಯನ್ನು ಊರಿನವರು ಈಗಲೂ ತೂಕ–ಅಳತೆ ಆಫೀಸು ಎಂದೇ ಕರೆಯುವುದು. ಆಟೋದವರಿಗೆ ಹೊಸ ಹೆಸರು ಹೇಳಿದರೆ ಗೊತ್ತಾಗುವುದಿಲ್ಲ. ನಿರೀಕ್ಷಕರು ಬೇರೆ ಊರಿನಲ್ಲಿ ಕ್ಯಾಂಪ್‌ನಲ್ಲಿದ್ದರು. ಬರಬಹುದೆಂದು ಎರಡೂವರೆ ಗಂಟೆ ಬೆಂಚಿನ ಮೇಲೆ ಕುಳಿತೆ. ಬರಲಿಲ್ಲ. ಕೊನೆಗೆ ಅಲ್ಲಿದ್ದ ಸಿಬ್ಬಂದಿಯೊಬ್ಬರು ಕನಿಕರಪಟ್ಟು, ನಿರೀಕ್ಷಕರು ಕಚೇರಿಯಲ್ಲಿರುವ ದಿನಗಳನ್ನೂ ತರಬೇಕಾದ ಕಾಗದಗಳನ್ನೂ ಚೀಟಿಯಲ್ಲಿ ಬರೆದುಕೊಟ್ಟರು. ಹೊರಡುವ ಮುನ್ನ ದೂರವಾಣಿಯಲ್ಲಿ ಕೇಳಿದ್ದರೆ ಆ ದಿನ ಉಳಿಯುತ್ತಿತ್ತು. ಒಬ್ಬ ನಿರೀಕ್ಷಕರ ಪಾಲಿಗೆ ಹಲವು ಊರು ಇರುತ್ತವೆ, ತಪಾಸಣೆಯೂ ಅವರದೇ, ಮುದ್ರೆಯೂ ಅವರದೇ. ಕುರ್ಚಿ ಖಾಲಿ ಇದ್ದರೆ ಅವರು ಕೆಲಸಕ್ಕೆ ಬಂದಿಲ್ಲ ಎಂದಲ್ಲ.

ಚೀಟಿಯಲ್ಲಿದ್ದದ್ದು ಇಷ್ಟು: ಹಳೆಯ ಪ್ರಮಾಣಪತ್ರ, ಯಂತ್ರ ಕೊಂಡ ಬಿಲ್ಲು, ಅಂಗಡಿಯ ಪರವಾನಗಿಯ ನಕಲು, ಗುರುತಿನ ಚೀಟಿ. ಮೊದಲ ತೊಡಕು ಇಲ್ಲೇ ಎದುರಾಯಿತು. ಪ್ರಮಾಣಪತ್ರ ಮಾವನವರ ಹೆಸರಿನಲ್ಲಿ, ಪರವಾನಗಿ ಈಗ ನನ್ನ ಹೆಸರಿನಲ್ಲಿ. ಯಂತ್ರವನ್ನು ಅಂಗಡಿಯ ಜೊತೆಗೆ ಸೊಸೆಗೆ ವಹಿಸಿದ್ದೇನೆ ಎಂದು ಮಾವನವರು ಸಹಿ ಹಾಕಿದ ಒಂದು ಪುಟದ ಪತ್ರ ಕೊಟ್ಟ ಮೇಲೆ ಅದು ಬಗೆಹರಿಯಿತು. ಎರಡನೆಯದು ಬಿಲ್ಲು. ಏಳು ವರ್ಷದ ಹಿಂದಿನ ಬಿಲ್ಲಿನ ಅಕ್ಷರಗಳು ಅಳಿಸಿ ಹಾಳೆ ಬರಿದಾಗಿತ್ತು. ಮಾರಿದ ಅಂಗಡಿಯವರನ್ನು ಹುಡುಕಿ ನಕಲು ಪಡೆಯಲು ಐದು ದಿನ ಹಿಡಿಯಿತು. ಇಂಥ ಬಿಲ್ಲುಗಳು ಕೈಗೆ ಬಂದ ದಿನವೇ ನೆರಳಚ್ಚು ಮಾಡಿಸಿಟ್ಟುಕೊಳ್ಳಿ.

ಒಂಬತ್ತನೆಯ ದಿನ ನಿರೀಕ್ಷಕರು ಸಿಕ್ಕರು. ಅವಧಿ ಮೀರಿದ ತಕ್ಕಡಿಯಲ್ಲಿ ವ್ಯಾಪಾರ ಮಾಡುವುದು 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯಂತೆ ಅಪರಾಧ ಎಂದು ಅಷ್ಟರಲ್ಲಿ ಓದಿಕೊಂಡಿದ್ದೆ. ಕೈ ಬೆವರುತ್ತಿತ್ತು. ಸುಳ್ಳು ಹೇಳಬಾರದೆಂದು ಮನೆಯಲ್ಲೇ ನಿಶ್ಚಯಿಸಿಕೊಂಡಿದ್ದರಿಂದ, ತಿಂಗಳುಗಟ್ಟಲೆ ಬಳಸಿದ್ದನ್ನೂ ಇಬ್ಬರು ಬೆಳೆಗಾರರು ಹೇಳಿದ್ದನ್ನೂ ಮುಚ್ಚಿಡದೆ ಹೇಳಿದೆ. ಅವರು ಕಾಗದಗಳನ್ನು ಮತ್ತೊಮ್ಮೆ ನೋಡಿ, ‘ನೀವಾಗಿ ಬಂದದ್ದು ಒಳ್ಳೆಯದಾಯಿತಮ್ಮ. ಅಂಗಡಿಗೆ ನಾವೇ ಬಂದು ಹಿಡಿದಿದ್ದರೆ ಯಂತ್ರ ಜಪ್ತಿಯಾಗುತ್ತಿತ್ತು, ಮೊಕದ್ದಮೆಯಾಗುತ್ತಿತ್ತು. ಈಗ ತಡವಾದುದಕ್ಕೆ ಹೆಚ್ಚುವರಿ ಶುಲ್ಕ ಕಟ್ಟಿ. ಆದರೆ ಮುದ್ರೆ ಬೀಳುವವರೆಗೆ ಎರಡನ್ನೂ ಮುಟ್ಟುವಂತಿಲ್ಲ’ ಎಂದರು. ಅವಧಿ ಮೀರಿದ ಪ್ರತಿ ಮೂರು ತಿಂಗಳಿಗೂ ಈ ಹೆಚ್ಚುವರಿ ಶುಲ್ಕ ಏರುತ್ತ ಹೋಗುತ್ತದೆ. ಮೂಲ ಶುಲ್ಕ ಯಂತ್ರದ ಸಾಮರ್ಥ್ಯವನ್ನು ಅವಲಂಬಿಸಿದ್ದು, ನಿಯಮಗಳಲ್ಲೇ ಪಟ್ಟಿಯಿದೆ. ಕಚೇರಿಯಲ್ಲಿ ಕೇಳಿದರೆ ತೋರಿಸುತ್ತಾರೆ, ಕಟ್ಟಿದ್ದಕ್ಕೆ ರಸೀದಿಯೂ ಸಿಗುತ್ತದೆ.

ರಸೀದಿಯ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಅದಕ್ಕೆ ಎರಡು ದಿನ ಮೊದಲು ತಕ್ಕಡಿ ದುರಸ್ತಿಯವರೊಬ್ಬರು ಅಂಗಡಿಗೆ ಬಂದು, ‘ಅಕ್ಕ, ನೀವು ಓಡಾಡುವುದು ಬೇಡ, ಎರಡೂ ಯಂತ್ರಕ್ಕೆ 4,500 ಕೊಡಿ, ಸೀಲ್ ಹಾಕಿಸಿ ತಂದುಕೊಡುತ್ತೇನೆ’ ಎಂದಿದ್ದರು. ಅದರಲ್ಲಿ ಸರ್ಕಾರಕ್ಕೆ ಎಷ್ಟು, ನಿಮಗೆ ಎಷ್ಟು ಎಂದು ಕೇಳಿದೆ. ಬಿಡಿಸಿ ಹೇಳಲಿಲ್ಲ. ಪರವಾನಗಿ ಸಂಖ್ಯೆ ಕೇಳಿದೆ. ಆಮೇಲೆ ತೋರಿಸುತ್ತೇನೆ ಎಂದು ಹೋದವರು ಮತ್ತೆ ಬರಲಿಲ್ಲ. ತಕ್ಕಡಿ ದುರಸ್ತಿ ಮಾಡುವವರಿಗೆ ಇಲಾಖೆಯ ಪರವಾನಗಿ ಇರಲೇಬೇಕು. ಇದ್ದವರು ಕೇಳಿದ ಕೂಡಲೇ ತೋರಿಸುತ್ತಾರೆ.

ಅದೇ ದಿನ ಇನ್ನೊಂದು ಸಂಗತಿ ತಿಳಿಯಿತು. ಏಲಕ್ಕಿ ತೂಗಲೆಂದು ಆನ್‌ಲೈನ್‌ನಲ್ಲಿ 1,100 ರೂಪಾಯಿಗೆ ತರಿಸಿದ್ದ ಅಂಗೈಯಗಲದ ಯಂತ್ರವನ್ನೂ ಮುದ್ರೆಗೆಂದು ಒಯ್ದಿದ್ದೆ. ನಿರೀಕ್ಷಕರು ಅದನ್ನು ತಿರುಗಿಸಿ ನೋಡಿ ಪಕ್ಕಕ್ಕಿಟ್ಟರು. ಅದರಲ್ಲಿ ಮಾದರಿ ಅನುಮೋದನೆಯ ಸಂಖ್ಯೆ ಇರಲಿಲ್ಲ. ವ್ಯಾಪಾರಕ್ಕೆ ಬಳಸುವ ಯಾವುದೇ ತಕ್ಕಡಿಯ ಮಾದರಿಗೆ ಮೊದಲು ಕೇಂದ್ರ ಸರ್ಕಾರದ ಒಪ್ಪಿಗೆ ಸಿಕ್ಕಿರಬೇಕು. ‘ಐಎನ್‌ಡಿ’ ಎಂದು ಶುರುವಾಗುವ ಆ ಸಂಖ್ಯೆ ಯಂತ್ರದ ಮೇಲಿನ ಫಲಕದಲ್ಲಿರುತ್ತದೆ. ಅದಿಲ್ಲದ್ದು ಅಡುಗೆಮನೆಗೆ ಸರಿ, ಗಲ್ಲಾದ ಮೇಲೆ ಸಲ್ಲದು. ಎಷ್ಟೇ ನಿಖರವಾಗಿದ್ದರೂ ಮುದ್ರೆ ಬೀಳುವುದಿಲ್ಲ.

ಆ ಫಲಕ ಓದುವುದನ್ನು ಅವರೇ ಕಲಿಸಿದರು. ನಮ್ಮ 30 ಕಿಲೋದ ತಕ್ಕಡಿಯ ಫಲಕದಲ್ಲಿ ಗರಿಷ್ಠ 30 ಕಿಲೋ, ಕನಿಷ್ಠ 100 ಗ್ರಾಂ, ‘ಇ’, ಅಂದರೆ ಸತ್ಯಾಪನೆಗೆ ಲೆಕ್ಕ ಹಿಡಿಯುವ ಒಂದು ಹೆಜ್ಜೆ, 5 ಗ್ರಾಂ, ಮೊಟ್ಟೆಯಾಕಾರದ ಗೆರೆಯೊಳಗೆ ರೋಮನ್ ಮೂರು. ಮೂರನೆಯ ದರ್ಜೆ ಸಾಮಾನ್ಯ ವ್ಯಾಪಾರಕ್ಕೆ. ಚಿನ್ನ ತೂಗುವವರದು ಎರಡನೆಯ ದರ್ಜೆ. ಕನಿಷ್ಠ 100 ಗ್ರಾಂ ಎಂದರೆ ಅದಕ್ಕಿಂತ ಕಡಿಮೆ ತೂಕದ ಸರಕನ್ನು ಆ ತಕ್ಕಡಿಯಲ್ಲಿ ತೂಗಬಾರದು. ನಾನು ಅದುವರೆಗೆ 25 ಗ್ರಾಂ ಲವಂಗವನ್ನೂ ಅದರಲ್ಲೇ ತೂಗಿ ಕೊಡುತ್ತಿದ್ದೆ. 5 ಗ್ರಾಂ ಲೆಕ್ಕದಲ್ಲಿ ಏರಿಳಿಯುವ ಯಂತ್ರದಲ್ಲಿ 25 ಗ್ರಾಂ ತೂಗಿದರೆ, ಒಂದು ಹೆಜ್ಜೆ ಅತ್ತಿತ್ತ ಆದರೂ ಕೊಳ್ಳುವವರ ಐದನೆಯ ಒಂದು ಪಾಲು ಹೋಯಿತು. ಈಗ ಲವಂಗ, ಏಲಕ್ಕಿಯನ್ನು ಮುಚ್ಚಿದ ಪೊಟ್ಟಣದಲ್ಲಷ್ಟೇ ಮಾರುತ್ತಿದ್ದೇನೆ. ಅನುಮೋದನೆಯಿರುವ ಸಣ್ಣ ತಕ್ಕಡಿ ಕೊಳ್ಳುವುದು ಮುಂದಿನ ತಿಂಗಳ ಮಾತು.

ಹದಿನಾರನೆಯ ದಿನಕ್ಕೆ ಎಪಿಎಂಸಿ ಆವರಣದಲ್ಲಿ ಕ್ಯಾಂಪ್ ಎಂದು ದಿನ ಕೊಟ್ಟರು. ಅಲ್ಲಿಯವರೆಗೆ ಏನು ಮಾಡುವುದು? ಕೊಯ್ಲಿನ ಕಾಲ, ಮೆಣಸು ತಂದವರನ್ನು ಹಿಂದಕ್ಕೆ ಕಳಿಸಿದರೆ ಇನ್ನೊಂದು ಅಂಗಡಿಗೆ ಹೋಗುತ್ತಾರೆ. ಆಗ ಮಾವನವರು ಅಟ್ಟದ ಮೇಲಿದ್ದ ಕೈತಕ್ಕಡಿ ಇಳಿಸಲು ಹೇಳಿದರು. ಅದಕ್ಕೂ ಅದರ ಬಟ್ಟುಗಳಿಗೂ ಯಂತ್ರಗಳಿಗೆ ಹಿಂದಿನ ಸಲ ಮುದ್ರೆ ಬಿದ್ದ ನವೆಂಬರ್‌ನಲ್ಲೇ ಮುದ್ರೆ ಬಿದ್ದಿತ್ತು. 24 ತಿಂಗಳ ಲೆಕ್ಕದಲ್ಲಿ ಇನ್ನೂ ಚಾಲ್ತಿಯಲ್ಲಿತ್ತು. ಐದು ಕಿಲೋದ ಕಬ್ಬಿಣದ ಬಟ್ಟನ್ನು ಮಗುಚಿ ತೋರಿಸಿದರು. ಅಡಿಯ ಕುಳಿಯಲ್ಲಿ ಸೀಸ ತುಂಬಿತ್ತು, ಅದರ ಮೇಲೆ ವರ್ಷ ವರ್ಷದ ಗುರುತುಗಳು ಒಂದರ ಮೇಲೊಂದು ಒತ್ತಿಕೊಂಡು ಕೂತಿದ್ದವು. ಬಟ್ಟು ಸವೆದು ಹಗುರಾದರೆ ಆ ಕುಳಿಗೇ ಸೀಸ ಸೇರಿಸಿ ಸರಿದೂಗಿಸುತ್ತಾರಂತೆ.

ಕುರ್ಚಿಯಲ್ಲಿ ಕಾಲು ಚಾಚಿ ಕುಳಿತು ಮಾವನವರು ತೂಗುವುದನ್ನು ಹೇಳಿಕೊಟ್ಟರು. ತಕ್ಕಡಿಯನ್ನು ಕೈಯಲ್ಲಿ ಹಿಡಿಯಬೇಡ, ಕೊಕ್ಕೆಗೆ ನೇತುಹಾಕು. ಮುಳ್ಳು ನಿಲ್ಲುವವರೆಗೆ ಉಸಿರು ಬಿಗಿಹಿಡಿದು ಕಾಯಿ. ಅನುಮಾನ ಬಂದರೆ ಸರಕನ್ನೂ ಬಟ್ಟನ್ನೂ ಅದಲುಬದಲು ಮಾಡಿ ಇನ್ನೊಮ್ಮೆ ತೂಗು. ದಂಡದ ಎರಡು ತೋಳು ಸಮ ಇಲ್ಲದಿದ್ದರೆ ಆಗ ಬಯಲಾಗುತ್ತದೆ. ನಲವತ್ತು ಕಿಲೋದ ಚೀಲವನ್ನು ಬಿಚ್ಚಿ ಹತ್ತು ಹತ್ತು ಕಿಲೋ ಮಾಡಿ ನಾಲ್ಕು ಸಲ ತೂಗುತ್ತಿದ್ದೆ. ಸಂಜೆಗೆ ಭುಜ ಕಳಚಿ ಬೀಳುವಂತಾಗುತ್ತಿತ್ತು. ದಿನಕ್ಕೆ ಎಂಟು ಚೀಲಕ್ಕಿಂತ ಹೆಚ್ಚು ಆಗುತ್ತಿರಲಿಲ್ಲ. ಆ ಅವಧಿಯಲ್ಲಿ ನಮ್ಮ ಖರೀದಿ ಅರ್ಧಕ್ಕಿಂತ ಕೆಳಗಿಳಿಯಿತು. ಮುದ್ರೆಯ ಕೆಲಸವನ್ನು ಕೊಯ್ಲಿಗೆ ಮುಂಚೆ, ಮಳೆ ನಿಂತ ಕೂಡಲೇ ಮುಗಿಸಿಕೊಳ್ಳಬೇಕು ಎನ್ನುವುದು ಇದಕ್ಕೇ.

ಕ್ಯಾಂಪ್ ದಿನ ಗೂಡ್ಸ್ ಆಟೋಗೆ 700 ರೂಪಾಯಿ ಕೊಟ್ಟು ಎರಡೂ ಯಂತ್ರ ಒಯ್ದೆವು. ಬೆಳಗ್ಗೆ ಎಂಟೂವರೆಗೆ ಹೋದರೂ ಮುಂದೆ ಇಪ್ಪತ್ತಮೂರು ಮಂದಿ. ಮೀನಿನವರು, ಕಬ್ಬಿಣದ ಅಂಗಡಿಯವರು, ಹಾಲಿನ ಸಂಘದವರು, ಹೂವಿನ ಅಜ್ಜಿಯೊಬ್ಬರು. ನೆರಳು, ನೀರು ಎರಡೂ ಕಡಿಮೆ. ಬುತ್ತಿಯನ್ನೂ ವಿದ್ಯುತ್ ಎಕ್ಸ್‌ಟೆನ್ಷನ್ ವೈರನ್ನೂ ಒಯ್ಯಿರಿ. ಯಂತ್ರದ ಬ್ಯಾಟರಿಯನ್ನು ಹಿಂದಿನ ರಾತ್ರಿಯೇ ತುಂಬಿಸಿಡಿ. ಬ್ಯಾಟರಿ ಸೊರಗಿದ್ದರಿಂದ ನಮ್ಮ ಮುಂದಿದ್ದ ಇಬ್ಬರ ಸರದಿ ಹಿಂದಕ್ಕೆ ಹೋಯಿತು.

ಪರೀಕ್ಷೆ ನಾನೆಣಿಸಿದ್ದಕ್ಕಿಂತ ಬಿಗಿಯಾಗಿತ್ತು. ಮೊದಲು ಮಟ್ಟ ನೋಡುವ ಗಾಜಿನೊಳಗಿನ ಗುಳ್ಳೆ ನಡುವೆ ನಿಲ್ಲುವವರೆಗೆ ಕಾಲುಗಳನ್ನು ತಿರುಗಿಸಿದರು. ಬಳಿಕ ಸೊನ್ನೆ. ಅನಂತರ ಇಲಾಖೆಯ ಬಟ್ಟುಗಳನ್ನು ಮೃದುಬಟ್ಟೆಯಲ್ಲಿ ಹಿಡಿದು ಏರಿಸುತ್ತ ಹೋಗಿ, ಮತ್ತೆ ಇಳಿಸುತ್ತ ಬಂದರು. ಇವುಗಳ ತೂಕ ಸರಿ ಎಂದು ಹೇಳುವವರು ಯಾರು ಎಂದು ಕೇಳಿದೆ. ಇವನ್ನು ಮೇಲಿನ ದರ್ಜೆಯ ಬಟ್ಟುಗಳೊಂದಿಗೆ, ಅವನ್ನು ಬೆಂಗಳೂರಿನ ಪ್ರಾದೇಶಿಕ ಪ್ರಯೋಗಾಲಯದಂಥ ಕಡೆಗಳಲ್ಲಿರುವ ಬಟ್ಟುಗಳೊಂದಿಗೆ ಕಾಲಕಾಲಕ್ಕೆ ಹೋಲಿಸುತ್ತಾರೆ. ಆ ಸರಪಳಿಯ ಮೇಲ್ತುದಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿದೆ ಎಂದರು. ಕಂಬಳಿ ಸುತ್ತಿ ತಂದ ನಮ್ಮ ತಕ್ಕಡಿ ಅಷ್ಟು ದೂರದ ಒಂದು ತೂಕಕ್ಕೆ ಜೋಡಿಸಿಕೊಂಡಿದೆ ಎಂದು ತಿಳಿದಾಗ ಬಿಸಿಲಿನ ಆಯಾಸ ಅರೆಗಳಿಗೆ ಮರೆಯಿತು. ಇನ್ನೊಂದು ಮಾತನ್ನೂ ಹೇಳಿದರು: ಕಡಲತೀರದಲ್ಲಿ ಹೊಂದಿಸಿದ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಘಟ್ಟದ ಮೇಲೆ ತಂದರೆ ಗುರುತ್ವ ತುಸು ಕಡಿಮೆಯಾಗುವುದರಿಂದ ದೊಡ್ಡ ತೂಕದಲ್ಲಿ ಕೆಲವು ಗ್ರಾಂ ಕಡಿಮೆ ತೋರಿಸಬಹುದು. ಬೇರೆ ಊರಿನಿಂದ ಕೊಂಡು ತಂದವರು ಇಲ್ಲೇ ಹೊಂದಿಸಿ, ಮುದ್ರೆ ಹಾಕಿಸಿಕೊಳ್ಳಬೇಕು.

30 ಕಿಲೋದ ತಕ್ಕಡಿ ತೇರ್ಗಡೆಯಾಯಿತು. ಅಂಥ ಯಂತ್ರಕ್ಕೆ ಮುದ್ರೆಯ ದಿನ ಎರಡೂವರೆ ಕಿಲೋವರೆಗೆ ಎರಡೂವರೆ ಗ್ರಾಂ, ಹತ್ತು ಕಿಲೋವರೆಗೆ 5 ಗ್ರಾಂ, ಅದರಾಚೆ ಏಳೂವರೆ ಗ್ರಾಂ ಅತ್ತಿತ್ತ ಇದ್ದರೆ ಒಪ್ಪುತ್ತಾರೆ.

200 ಕಿಲೋದ ಯಂತ್ರವೂ ನಡುವೆ ಇಟ್ಟ ಭಾರವನ್ನೆಲ್ಲ ಸರಿಯಾಗಿ ತೋರಿಸಿತು. ನಾನು ನಿಟ್ಟುಸಿರು ಬಿಟ್ಟೆ. ಆಗ ನಿರೀಕ್ಷಕರು ಗರಿಷ್ಠ ತೂಕದ ಸುಮಾರು ಮೂರನೆಯ ಒಂದು ಭಾಗವನ್ನು, 65 ಕಿಲೋವನ್ನು, ಮೂಲೆಗೆ ಸರಿಸಲು ಹೇಳಿದರು. ಮೊದಲ ಮೂಲೆ 65.000. ಎರಡನೆಯದು 65.000. ಮೂರನೆಯದು 64.950. ನಾಲ್ಕನೆಯ ಮೂಲೆಯಲ್ಲಿ ಅಂಕಿಗಳು ನಡುಗಿ 64.600ರಲ್ಲಿ ನಿಂತವು. ಆ ಭಾರಕ್ಕೆ 50 ಗ್ರಾಂ ತಪ್ಪಿಗಷ್ಟೇ ಅವಕಾಶ. ಇಲ್ಲಿ 400 ಗ್ರಾಂ. ಬಟ್ಟು ಇಳಿಸಿ ಮತ್ತೆ ಇಟ್ಟರು. ಅದೇ ಅಂಕಿ. ಆ ಮೂಲೆ ಗೋದಾಮಿನಲ್ಲಿ ಬಾಗಿಲ ಕಡೆಗಿರುವುದು. ಬೆಳೆಗಾರರು ಹೆಗಲಿನಿಂದ ಚೀಲ ಇಳಿಸುವುದು ಅಲ್ಲಿಗೇ. ಗೌಡರ ಮುಖ ಕಣ್ಣೆದುರು ಬಂತು. ಮುದ್ರೆ ಬೀಳದ ಬೇಸರಕ್ಕಿಂತ, ‘ದಾರಿಯಲ್ಲಿ ಆರಿರಬೇಕು’ ಎಂದ ನನ್ನ ಮಾತೇ ಎದೆಗೆ ಚುಚ್ಚುತ್ತಿತ್ತು.

ತಿರಸ್ಕರಿಸಿದ ಕಾರಣ ಬರೆದುಕೊಟ್ಟು, ದುರಸ್ತಿ ಮಾಡಿಸಿ ತರಲು ಹೇಳಿದರು. ಪರವಾನಗಿಯಿರುವ ದುರಸ್ತಿದಾರರು ನಮ್ಮ ಕಡೆ ಒಬ್ಬರೇ. ಅವರು ಬರಲು ಹನ್ನೊಂದು ದಿನವಾಯಿತು. ಹಳೆಯ ಮುದ್ರೆ ಕತ್ತರಿಸಿ ಮೇಲಿನ ತಟ್ಟೆಯನ್ನು ಎತ್ತಿದರು. ಕೆಳಗೆ ಗೋಣಿನಾರು, ಧೂಳು, ಜೇಡರ ಬಲೆ. ನಾಲ್ಕನೆಯ ಮೂಲೆಯಲ್ಲಿ ಮೇಲಿನ ಚೌಕಟ್ಟಿಗೂ ಕೆಳಗಿನ ಪೀಠಕ್ಕೂ ನಡುವೆ ಇರಬೇಕಾದ ಸಂದಿನಲ್ಲಿ ನಾರಿನ ಜೊತೆ ಕಾಳುಮೆಣಸು ಒತ್ತಿ ಒತ್ತಿ ಕಲ್ಲಿನಂತೆ ಗಟ್ಟಿಕಟ್ಟಿತ್ತು. ಚೀಲದ ಭಾರದ ಒಂದು ಪಾಲು ತೂಗುವ ಲೋಡ್ ಸೆಲ್‌ಗೆ ಹೋಗದೆ, ಈ ಗಂಟಿನ ಮೂಲಕ ನೇರ ನೆಲ ಸೇರುತ್ತಿತ್ತು. ಚಿಮಟದಿಂದ ಬಿಡಿಸಿ ನನ್ನ ಅಂಗೈಯಲ್ಲಿಟ್ಟರು: ಏಳು ಕಾಳು, ಒಂದಿಷ್ಟು ನಾರು. ಯಂತ್ರದೊಳಗೆ ಬೇರೇನೂ ಕೆಟ್ಟಿರಲಿಲ್ಲ. ಶುಚಿ ಮಾಡಿ ಮೂಲೆಗಳನ್ನು ಹೊಂದಿಸಿದ್ದಕ್ಕೆ 1,200 ರೂಪಾಯಿ, ರಸೀದಿ ಸಮೇತ. ಅವರು ಹೊರಡುವಾಗ ಎಚ್ಚರಿಸಿದ್ದನ್ನು ನೀವೂ ನೆನಪಿಡಿ: ದುರಸ್ತಿಗೆಂದು ಮುದ್ರೆ ಒಡೆದ ಮೇಲೆ, ಯಂತ್ರ ಎಷ್ಟೇ ಸರಿಯಾದರೂ ಹೊಸ ಮುದ್ರೆ ಬೀಳದೆ ಅದರಲ್ಲಿ ವ್ಯಾಪಾರ ಮಾಡಬಾರದು.

ಹೀಗಾಗಿ ಮತ್ತೆ ಕೈತಕ್ಕಡಿ, ಮತ್ತೆ ಆಟೋ, ಮತ್ತೆ 700. ಮೂವತ್ತೆಂಟನೆಯ ದಿನ ನಾಲ್ಕೂ ಮೂಲೆ ಸರಿಬಂದವು. ತಂತಿ ಪೋಣಿಸಿ, ಸೀಸದ ಹಸಿ ಉಂಡೆಯನ್ನು ಇಕ್ಕಳದ ಬಾಯಿಗಿಟ್ಟು ಅದುಮಿದರು. ಟಕ್ ಎಂದ ಸದ್ದು ಈಗಲೂ ಕಿವಿಯಲ್ಲಿದೆ. ಬೂದುಬಣ್ಣದ ಸೀಸ ಬೆಳ್ಳಿಯಂತೆ ಹೊಳೆಯುತ್ತಿತ್ತು, ಮೇಲೆ ‘ಎ’ ಅಕ್ಷರ. ಪ್ರಮಾಣಪತ್ರವನ್ನು ಗಿರಾಕಿಗಳಿಗೆ ಕಾಣುವ ಕಡೆ ಹಾಕಬೇಕೆಂಬುದು ನಿಯಮ. ಕಪಾಟಿನಲ್ಲಿಟ್ಟರೆ ನನ್ನ ಹಾಗೆ ಮರೆಯುತ್ತೀರಿ.

ಖರ್ಚಿನಲ್ಲಿ ದೊಡ್ಡ ಪಾಲು ಶುಲ್ಕವೂ ಅಲ್ಲ, ದುರಸ್ತಿಯೂ ಅಲ್ಲ. ಈ ಕೊಯ್ಲಿನಲ್ಲಿ ಆ ಯಂತ್ರದ ಮೇಲೆ 14 ಬೆಳೆಗಾರರ 61 ಚೀಲ ತೂಗಿದ್ದೆವು ಎಂದು ಖಾತೆ ಹೇಳುತ್ತದೆ. ಯಾವ ಚೀಲ ಯಾವ ಮೂಲೆಯಲ್ಲಿತ್ತೆಂದು ಹೇಳಲು ದಾರಿಯಿಲ್ಲ. ಮಾವನವರನ್ನು ಕೇಳಿದೆ. ‘ಎಲ್ಲ ಚೀಲಕ್ಕೂ ಕಾಲು ಕಿಲೋ ಹಿಡಿ’ ಎಂದರು. ಬೆಳೆಗಾರರಿಗೆ ಮರಳಿಸಬೇಕಾದದ್ದು 15 ಕಿಲೋ 250 ಗ್ರಾಂ, ಅಂದಿನ 650 ರೂಪಾಯಿ ದರದಲ್ಲಿ 9,912 ರೂಪಾಯಿ 50 ಪೈಸೆ. ಚೀಲದ ತೂಕವೆಂದು ಒಂದು ಕಿಲೋ ಕಳೆಯುವ ರೂಢಿಯನ್ನೂ ಬಿಟ್ಟೆವು. ಈಗ ಖಾಲಿ ಗೋಣಿಯನ್ನು ಅವರೆದುರೇ ತೂಗಿ, ಇದ್ದಷ್ಟನ್ನೇ ಕಳೆಯುತ್ತೇವೆ. ತೂಕದಲ್ಲಿ ಮೋಸವಾಗಿದೆ ಎನಿಸಿದ ಗಿರಾಕಿಗಳು ಹತ್ತಿರದ ಮಾಪನಶಾಸ್ತ್ರ ಕಚೇರಿಗೆ ಬರೆದುಕೊಡಬಹುದು, ಅಥವಾ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು ಎಂಬ ಚೀಟಿಯನ್ನೂ ಪ್ರಮಾಣಪತ್ರದ ಕೆಳಗೆ ಅಂಟಿಸಿದ್ದೇನೆ.

ಇಂದು ಬೆಳಗ್ಗೆ ಗೌಡರು ಬಂದರು. ನಡೆದದ್ದನ್ನೆಲ್ಲ ಹೇಳಿ, ಮೂರು ಚೀಲದ ಬಾಬ್ತು 487 ರೂಪಾಯಿ 50 ಪೈಸೆಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟೆ. ಅವರು ಹಣವನ್ನು ಎಣಿಸದೆ ಜೇಬಿಗಿಟ್ಟುಕೊಂಡರು. ಇಂದು ತಂದಿದ್ದ ಚೀಲವನ್ನು ತಾವೇ ಎತ್ತಿ ನಾಲ್ಕನೆಯ ಮೂಲೆಗಿಟ್ಟು ಅಂಕಿ ನೋಡಿದರು. ಮೂರನೆಯ ಮೂಲೆಗೆ ಸರಿಸಿದರು. ಹೀಗೆ ನಾಲ್ಕೂ ಮೂಲೆ ಸುತ್ತಿಸಿದರು, ನಾನು ಸುಮ್ಮನೆ ನಿಂತಿದ್ದೆ. ‘ಬರೆದುಕೊಳ್ಳಮ್ಮ, 41.350’ ಎಂದರು. ಬರೆದುಕೊಂಡೆ. ಇನ್ನು ಹದಿಮೂರು ಮಂದಿಗೆ ಹೇಳುವುದು ಬಾಕಿ ಇದೆ. ಇಬ್ಬರು ಘಟ್ಟದ ಕೆಳಗಿನ ಊರಿನವರು, ಅವರಲ್ಲಿಗೆ ಭಾನುವಾರ ಹೋಗಿಬರಬೇಕು.